ಠಾಣೆಯ ಅಂಗಳದಲ್ಲಿ ಕೂಗಿದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗುಡವಿಯಲ್ಲಿದ್ದೆ. ಪಕ್ಷಿಧಾಮ ನೋಡಲು ಬಂದವರು ಕೆರೆಯ ದಂಡೆಯ ಮೇಲೆ ಬಿಸಾಡಿ ಹೋದ ಪ್ಲಾಸ್ಟಿಕ್ ಆರಿಸುವ ಕಾರ್ಯಕ್ರಮವಿತ್ತು. ಸೊರಬದಿಂದ ಬಂದ ಕಾಲೇಜು ಹುಡುಗಿಯರಿಗೆ ಕೈಗವಸು ಹಂಚುತ್ತಿದ್ದಾಗ ಫೋನು ಬಂತು. ಗುತ್ಯಪ್ಪ.

“ಮೇಡಂ, ಅಕ್ಕ ಹೋಗಿಬಿಟ್ರು,” ಅಂದ.

ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ಗುತ್ಯಪ್ಪ ಅಕ್ಕ ಎಂದು ಕರೆಯುತ್ತಿದ್ದುದು ಒಬ್ಬರನ್ನೇ. ಮಣ್ಣು ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದೆ. ಕೈಗವಸಿನ ಚೀಲವನ್ನು ಹುಡುಗಿಯರ ಕೈಗೆ ಕೊಟ್ಟು ಹೊರಟೆ.

ಮಣ್ಣಿಗೆ ಹೋದಾಗ ಜನ ತಮಗೆ ತೋಚಿದ್ದು ಮಾತಾಡುತ್ತಿದ್ದರು. ಜೋರಿನ ಹೆಂಗಸು ಎಂದರು ಕೆಲವರು. ಪೊಲೀಸರ ಸಂಗಡ ಹಟಕ್ಕೆ ಬಿದ್ದು ಇದ್ದ ಕುರ್ಚಿ ಕಳೆದುಕೊಂಡರು ಎಂದರು ಇನ್ನು ಕೆಲವರು. ಎರಡೂ ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಬಿಟ್ಟರೆ ಅವರು ಯಾರೆಂದು ಹೇಳಿದ ಹಾಗಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ, ಬರೆದರೆ ಅವರ ಹೆಸರನ್ನೇ ಬರೆದಂತೆ. ಶಿಕಾರಿಪುರ, ಸೊರಬದ ಕಡೆಯ ಒಂದು ಸಣ್ಣ ಊರು, ಪುರಸಭೆ ಇರುವ ಊರು ಎಂದರೆ ಸಾಕು. ನಾನು ಅಲ್ಲಿ ಆರೋಗ್ಯ ನಿರೀಕ್ಷಕಿಯಾಗಿದ್ದೆ. ಬೀದಿ ಗುಡಿಸುವುದು, ಕಸ ಎತ್ತುವುದು, ಚರಂಡಿ ಬಳಿಯುವುದು, ಇವನ್ನು ಮಾಡುವ ಪೌರಕಾರ್ಮಿಕರೆಲ್ಲ ನನ್ನ ಉಸ್ತುವಾರಿಯಲ್ಲಿದ್ದರು. ಅವರು ಪುರಸಭೆಯ ಅಧ್ಯಕ್ಷೆ.

ಕುಬಟೂರಿನ ಕಡೆಯವರು. ಮದುವೆಯಾಗಿ ಈ ಊರಿನ ಲಿಂಗಾಯತರ ವ್ಯಾಪಾರದ ಮನೆ ಸೇರಿದ್ದರು. ಯಜಮಾನರದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ನಡೆಯುವ ರೂಢಿ. ಗಂಟಲು ಮಾತ್ರ ಯಾರಿಗೂ ಇಲ್ಲದ್ದು. ಅಣ್ಣಂದಿರು ಗದ್ದೆಯಲ್ಲಿದ್ದಾಗ ಕೆರೆ ಏರಿಯ ಮೇಲೆ ನಿಂತು ಊಟಕ್ಕೆ ಕರೆಯುತ್ತಿದ್ದರಂತೆ. “ಕರೀದಿದ್ರೆ ಅನ್ನ ಆರಿ ಹೋಗ್ತಿತ್ತು, ಅದಕ್ಕೆ ಗಂಟ್ಲು ಬೆಳೀತು,” ಎಂದು ನಗುತ್ತಿದ್ದರು.

ಮೀಸಲಾತಿಯಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಬಂದಾಗ ಮುಖಂಡರು ಇವರನ್ನು ಆರಿಸಿದ್ದಕ್ಕೆ ಕಾರಣ ಬೇರೆಯೇ ಇತ್ತು. ಯಜಮಾನರು ಮೆತ್ತನೆಯ ಮನುಷ್ಯ, ಹೇಳಿದ್ದಕ್ಕೆ ಹೂಂ ಅನ್ನುವವರು. ಹೆಂಡತಿಯ ಹೆಸರಿನಲ್ಲಿ ಗಂಡ, ಗಂಡನ ಹೆಸರಿನಲ್ಲಿ ತಾವು ಆಡಳಿತ ನಡೆಸಬಹುದು ಎಂದುಕೊಂಡಿದ್ದರು. ಮೊದಲ ಸಭೆಗೆ ಯಜಮಾನರು ಬಂದು ಅಧ್ಯಕ್ಷರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ, ಅದೇ ನಡೆದುಬಂದ ಪದ್ಧತಿ. ಇವರು ಕುಂಕುಮದ ಬೊಟ್ಟಿಟ್ಟಿದ್ದ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಅಂಗಡೀಲಿ ಜನ ಕಾಯ್ತಾ ಇರ್ತಾರೆ ರೀ. ನೀವು ಹೋಗ್ರಿ. ಇಲ್ಲಿ ಮುಗಿದ್ಮೇಲೆ ನಾನೇ ಬರ್ತೀನಿ.”

ಯಜಮಾನರು ಎದ್ದರು. ಅವಮಾನವಾದವರ ಹಾಗೆ ಎದ್ದಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. ಅವರು ಬಿಡುಗಡೆಯಾದವರ ಹಾಗೆ ಎದ್ದು ಹೋದರು. ಆಮೇಲೆ ಪುರಸಭೆಯ ಮೆಟ್ಟಿಲು ಹತ್ತಲಿಲ್ಲ.

ಕಚೇರಿಯಲ್ಲಿ ಕೂರುವುದು ಅಧ್ಯಕ್ಷೆಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಬೀದಿ ಗುಡಿಸುವ ಹೊತ್ತಿಗೇ ಹೊರಬಿದ್ದು ವಾರ್ಡು ಸುತ್ತುತ್ತಿದ್ದರು, ಜೊತೆಗೆ ನಾನು. ಪೌರಕಾರ್ಮಿಕರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಒಬ್ಬೊಬ್ಬರ ಮನೆಯ ಸುದ್ದಿಯೂ ಅವರಿಗೆ ಗೊತ್ತಿತ್ತು. ನನ್ನನ್ನು ಜನರಿಗೆ ಪರಿಚಯಿಸುವಾಗ “ಇವ್ರು ನಮ್ಮ ಇನ್ಸ್‌ಪೆಕ್ಟ್ರು” ಅನ್ನುವರು. “ಸ್ಟೇಷನ್ನಲ್ಲೊಬ್ರು ಇನ್ಸ್‌ಪೆಕ್ಟ್ರು ಇದ್ರೆ ನಮ್ಮಲ್ಲೂ ಒಬ್ರು ಬ್ಯಾಡ್ವಾ?”

ಸ್ಟೇಷನ್ನಿನಲ್ಲಿದ್ದವರು ಆ ವರ್ಷ ವರ್ಗವಾಗಿ ಬಂದ ಸಬ್ ಇನ್ಸ್‌ಪೆಕ್ಟರ್. ಚಿಕ್ಕ ವಯಸ್ಸು, ಬೆಂಗಳೂರು ಕಡೆಯ ಮಾತು. ಬಂದ ಹೊಸದರಲ್ಲಿ ಓಸಿ ಜೂಜು ಬರೆಯುವವರನ್ನೆಲ್ಲ ಹಿಡಿದು ಒಳಗೆ ಹಾಕಿದರು. ಕಾಲೇಜಿನ ಮುಂದೆ ಬೈಕು ಕುಣಿಸುವ ಹುಡುಗರನ್ನು ಬಗ್ಗಿಸಿದರು. ಊರು ಅವರನ್ನು ಮೆಚ್ಚಿತು. ಅಧ್ಯಕ್ಷೆಯೇ ಪುರಸಭೆಗೆ ಕರೆಸಿ ಹಾರ ಹಾಕಿ, “ಹೆಣ್ಮಕ್ಕಳು ನೆಮ್ಮದಿಯಾಗಿ ಓಡಾಡಂಗಾತು” ಎಂದು ಹೊಗಳಿದ್ದರು. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ನಡೆದದ್ದನ್ನು ಮಾತ್ರ ಕೇಳಿದವರು ಆ ಮನುಷ್ಯ ಮೊದಲಿನಿಂದಲೂ ಕೆಟ್ಟವನೆಂದು ತಿಳಿಯುತ್ತಾರೆ. ಹಾಗಿರಲಿಲ್ಲ. ತಾನು ಮಾಡಿದ್ದೆಲ್ಲ ಸರಿ ಎಂದು ಊರೇ ಹೇಳುತ್ತಿದ್ದಾಗ, ಇದು ಸರಿಯಲ್ಲ ಎಂದು ಹೇಳುವವರು ಅವರಿಗೆ ಎದುರಾಗಿರಲಿಲ್ಲ, ಅಷ್ಟೆ.

ಮೊದಲ ಕಿಡಿ ಹತ್ತಿದ್ದು ತಳ್ಳುಗಾಡಿಗಳಿಂದ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಹಣ್ಣು, ಮಂಡಕ್ಕಿ, ಮಿರ್ಚಿ ಮಾರುವವರಿಗೆ ಪುರಸಭೆಯೇ ಗುರುತಿನ ಚೀಟಿ ಕೊಟ್ಟಿತ್ತು. ಒಂದು ಸಂತೆಯ ದಿನ ಪೊಲೀಸರು ಬಂದು ಗಾಡಿಗಳನ್ನು ತಳ್ಳಿ ಉರುಳಿಸಿದರು. ಒಬ್ಬ ಮುದುಕಿಯ ಬಾಳೆಹಣ್ಣೆಲ್ಲ ಚರಂಡಿಗೆ ಬಿತ್ತು. ಅಧ್ಯಕ್ಷೆ ಸೆರಗು ಸಿಕ್ಕಿಸಿಕೊಂಡು ಅಲ್ಲಿಗೇ ಬಂದರು.

“ಚೀಟಿ ಕೊಟ್ಟಿರೋದು ನಾವು ಸಾಹೇಬ್ರೇ. ತೆಗೆಸ್ಬೇಕು ಅಂದ್ರೆ ನಮಗೊಂದು ಮಾತು ಹೇಳ್ಬೇಕಿತ್ತು.”

“ಮೇಡಂ, ಟ್ರಾಫಿಕ್ ನಮ್ಮ ಡ್ಯೂಟಿ. ನಿಮ್ಮನ್ನ ಕೇಳಿ ಮಾಡೋಕಾಗಲ್ಲ.”

“ಟ್ರಾಫಿಕ್ ನಿಮ್ದೇ ಇರ್ಲಿ. ರಸ್ತೆ ಪುರಸಭೇದು. ಹಣ್ಣು ಆ ಯಮ್ಮಂದು.”

ಸುತ್ತ ನಿಂತವರು ನಕ್ಕರು. ಸಬ್ ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ಆ ನಗು ನನಗೆ ಹಿಡಿಸಲಿಲ್ಲ. ಜನರ ಮುಂದೆ ನಗೆಪಾಟಲಾದ ಅಧಿಕಾರಿ ಅದನ್ನು ಮರೆಯುವುದಿಲ್ಲ. ವಾಪಸು ಬರುವಾಗ ಅಧ್ಯಕ್ಷೆಗೆ ಅದನ್ನೇ ಹೇಳಿದೆ. “ನಾನು ನಗ್ಸಕ್ಕೆ ಹೇಳಿಲ್ಲಲ್ವೇ,” ಎಂದರು. ಸ್ವಲ್ಪ ಮುಂದೆ ಹೋದ ಮೇಲೆ, “ಆದ್ರೂ ಹೌದು, ಪಕ್ಕಕ್ಕೆ ಕರೆದು ಹೇಳ್ಬಹುದಿತ್ತು,” ಎಂದರು.

ಅದಾಗಿ ಕೆಲವು ವಾರಕ್ಕೆ ಪೊಲೀಸರು ಗುತ್ಯಪ್ಪನನ್ನು ಹಿಡಿದುಕೊಂಡು ಹೋದರು. ಗುತ್ಯಪ್ಪ ಮನೆಮನೆಯ ಕಸ ಎತ್ತುವ ಆಟೋದಲ್ಲಿದ್ದವನು. ಅವನು ಹೋಗುವ ಬೀದಿಯ ಒಂದು ದೊಡ್ಡ ಮನೆಯಲ್ಲಿ ಚಿನ್ನದ ಸರ ಕಾಣೆಯಾಗಿತ್ತು. ಗೇಟಿನ ಒಳಗೆ ಬರುವವನು ಇವನೊಬ್ಬನೇ ಎಂದು ಮನೆಯವರು ದೂರು ಕೊಟ್ಟರು. ಬೆಳಿಗ್ಗೆ ಅವನ ಓಣಿಗೇ ಜೀಪು ಹೋಯಿತು. ಅವನು ಮಕ್ಕಳಿಗೆ ಚಹಾಕ್ಕೆ ಬನ್ನು ಮುರಿದುಕೊಡುತ್ತಿದ್ದನಂತೆ. ಅಂಗಿಯ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋದರು. ಓಣಿಯೆಲ್ಲ ನೋಡಿತು.

ಮರುದಿನ ಅವನ ಹೆಂಡತಿ ರೇಣುಕಾ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. “ನಿನ್ನೆಯಿಂದ ಬಂದಿಲ್ಲ ಮೇಡಂ. ಕೇಳಾಕೆ ಹೋದ್ರೆ, ಇಲ್ಲಿಲ್ಲ ಹೋಗು ಅಂತಾರೆ.” ಅವಳ ಕಣ್ಣಲ್ಲಿ ನೀರಿರಲಿಲ್ಲ. ಗಂಡ ಸತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳೆಂದು ಆಮೇಲೆ ಗೊತ್ತಾಯಿತು.

ನಾನು ಅಧ್ಯಕ್ಷೆಯ ಕೋಣೆಗೆ ಹೋಗಿ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು. ಮುಖ್ಯಾಧಿಕಾರಿಗಳು, “ಮೇಡಂ, ಮೊದಲು ಫೋನಲ್ಲಿ ಮಾತಾಡೋಣ,” ಎಂದರು. “ನೀವು ಮಾತಾಡ್ತಾ ಇರ್ರಿ, ನಾವು ಹೋಗಿರ್ತೀವಿ,” ಎಂದು ಇವರು ಮೆಟ್ಟಿಲಿಳಿದರು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಮರ್ಯಾದೆಯಿಂದಲೇ ಕುರ್ಚಿ ತೋರಿಸಿದರು. ಇವರು ಕೂತರು. ರೇಣುಕಾ ಬಾಗಿಲ ಹೊರಗೆ ನಿಂತಳು.

“ಆ ಹೆಸರಿನೋರು ಯಾರೂ ಇಲ್ಲಿಲ್ಲ ಮೇಡಂ. ನಿನ್ನೆ ವಿಚಾರಣೆಗೆ ಕರೆಸಿದ್ವಿ, ನಿನ್ನೇನೇ ಕಳಿಸಿದ್ವಿ.”

“ಮನೆಗೆ ಬಂದಿಲ್ವಲ್ರೀ.”

“ಎಲ್ಲಿ ಕುಡಿದು ಬಿದ್ದಿದ್ದಾನೋ. ನಿಮ್ಮ ಕೆಲಸಗಾರರು ಹೇಗೆ ಅಂತ ನಿಮಗೇ ಗೊತ್ತು.”

“ಕುಡೀತಾನೆ, ಇಲ್ಲ ಅನ್ನಲ್ಲ. ಕುಡಿದ್ರೆ ಮನೆಗೇ ಬಂದು ಬೀಳ್ತಾನೆ.”

“ಹಾಗಾದ್ರೆ ನನಗೆ ಗೊತ್ತಿಲ್ಲ. ಬೇರೆ ಕೆಲಸ ಇದೆ, ತಪ್ಪು ತಿಳ್ಕೋಬೇಡಿ.”

ಅಧ್ಯಕ್ಷೆ ಎದ್ದರು. ಹೊರಟೇಬಿಟ್ಟರು ಎಂದು ನಾನು ತಿಳಿದೆ. ಸಬ್ ಇನ್ಸ್‌ಪೆಕ್ಟರೂ ಹಾಗೇ ತಿಳಿದಿರಬೇಕು, ಬಾಗಿಲ ತನಕ ಬಂದರು. ಆದರೆ ಇವರು ಗೇಟಿನ ಕಡೆ ಹೋಗಲಿಲ್ಲ. ಕಟ್ಟಡದ ಪಕ್ಕಕ್ಕೆ ತಿರುಗಿ, ಜಪ್ತಿ ಮಾಡಿದ ಬೈಕುಗಳು ತುಕ್ಕು ಹಿಡಿಯುತ್ತ ನಿಂತಿದ್ದ ಅಂಗಳದ ನಡುವೆ ನಿಂತು, ಬಾಯಿಯ ಪಕ್ಕ ಕೈಯಿಟ್ಟು ಕೂಗಿದರು.

“ಗುತ್ಯಪ್ಪಾ…”

ಗದ್ದೆಯಾಚೆಗೆ ಕರೆಯುವ ಕೂಗು. ಒಳಗೆ ಬರೆಯುತ್ತ ಕೂತಿದ್ದ ಪೊಲೀಸಿನವರು ಪೆನ್ನು ಎತ್ತಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ ನಿಲ್ಲಿಸಿದ. ಸಬ್ ಇನ್ಸ್‌ಪೆಕ್ಟರು “ಮೇಡಂ” ಎಂದು ಮುಂದೆ ಬರುವಷ್ಟರಲ್ಲಿ ಇನ್ನೊಮ್ಮೆ ಕೂಗಿದರು.

ಹಿಂದಿನ ಸಾಲಿನ ಮೂಲೆಯ ಕೋಣೆಯಿಂದ, ಮುಚ್ಚಿದ ಕಿಟಕಿಯ ಹಿಂದಿನಿಂದ, “ಅಕ್ಕಾ” ಎಂದು ಕೇಳಿಸಿತು. ಸಣ್ಣ ದನಿ. ಬೆಳಿಗ್ಗೆ ಬೀದಿಯಲ್ಲಿ ಕರೆದಾಗ ಓಗೊಡುವ ಹಾಗೆಯೇ ಓಗೊಟ್ಟಿದ್ದ.

ರೇಣುಕಾ ಅಲ್ಲೇ ಕುಸಿದು ಕೂತಳು.

ಅಧ್ಯಕ್ಷೆ ತಿರುಗಿದರು. “ಇಲ್ದೋನು ಮಾತಾಡಿದ್ನಲ್ಲ ಸಾಹೇಬ್ರೇ,” ಎಂದರು. ಈ ಸಲ ದನಿ ತಗ್ಗಿತ್ತು.

“ಇದು ಪೊಲೀಸ್ ಸ್ಟೇಷನ್ ಮೇಡಂ. ನಿಮ್ಮ ಮನೆ ಹಿತ್ತಲಲ್ಲ.”

“ಹೌದು. ನಮ್ಮ ಹಿತ್ತಲಾಗಿದ್ರೆ ಅವನು ಇಷ್ಟೊತ್ತಿಗೆ ಉಂಡಿರ್ತಿದ್ದ.”

ಹೇಳಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವನನ್ನು ಕಳಿಸುವವರೆಗೂ ಏಳುವುದಿಲ್ಲ ಎಂದರು. ಅಷ್ಟರಲ್ಲಿ ಸುದ್ದಿ ಹಬ್ಬಿ ಪೌರಕಾರ್ಮಿಕರು ಬರತೊಡಗಿದರು, ಕೈಯಲ್ಲಿ ಪೊರಕೆ, ಸಲಿಕೆ ಹಿಡಿದವರೇ. ಗೇಟಿನ ಹೊರಗೆ ಗುಂಪು ದಪ್ಪವಾಗುತ್ತ ಹೋಯಿತು. ಒಳಗೆ ಪೇದೆಗಳು ಲಾಠಿ ತೆಗೆದುಕೊಂಡು ಸಾಲಾಗಿ ನಿಂತರು. ಅವರಲ್ಲಿ ಹೆಚ್ಚಿನವರು ಎದುರಿಗಿದ್ದವರನ್ನು ದಿನಾ ಬೆಳಿಗ್ಗೆ ನೋಡುವವರೇ. ಈಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಸರ್ಕಾರಿ ನೌಕರಳು, ಅಲ್ಲಿರಬಾರದಿತ್ತು. ಅಲ್ಲಿಂದ ಹೋಗುವುದೂ ಆಗುತ್ತಿರಲಿಲ್ಲ.

ಗುಂಪಿನಲ್ಲಿ ಒಬ್ಬ ಬಗ್ಗಿ ಏನೋ ಎತ್ತಿಕೊಂಡ. ಅಧ್ಯಕ್ಷೆ ಕೂತಲ್ಲಿಂದಲೇ ಗದರಿದರು.

“ಏಯ್, ಕೈಯಲ್ಲಿರೋ ಕಲ್ಲು ಕೆಳಗೆ ಹಾಕು! ನೀನು ಒಂದು ಒಗೆದ್ರೆ ಒಳಗಿರೋನಿಗೆ ನೂರು ಬೀಳ್ತಾವೆ. ಯಾರೂ ಗೇಟು ದಾಟ್ಬ್ಯಾಡ್ರಿ.”

ಕಲ್ಲು ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಬ್ ಇನ್ಸ್‌ಪೆಕ್ಟರಿಗೂ ಕೇಳಿಸಿರಬೇಕು. ಅವರು ಗೇಟಿನ ಕಡೆ ನೋಡಿದರು, ನೆಲದ ಮೇಲೆ ಕೂತ ಹೆಂಗಸಿನ ಕಡೆ ನೋಡಿದರು, ಆಮೇಲೆ ಒಬ್ಬ ಪೇದೆಗೆ ತಲೆಯಾಡಿಸಿದರು. ಆ ಪೇದೆ ಗುತ್ಯಪ್ಪನನ್ನು ಹೊರಗೆ ಕರೆತಂದ. ಕೈ ಹಿಡಿದು ಮೆಲ್ಲಗೆ ಕರೆತಂದ, ಎಳೆಯಲಿಲ್ಲ. ಗುತ್ಯಪ್ಪ ಪಾದ ಪೂರ್ತಿ ಊರದೆ, ಹಿಮ್ಮಡಿಯ ಅಂಚಿನ ಮೇಲೆ ನಡೆಯುತ್ತಿದ್ದ.

ಅಧ್ಯಕ್ಷೆ ಅವನ ಕಾಲನ್ನೇ ನೋಡಿದರು. ಪೊಲೀಸರನ್ನು ಬೈಯುತ್ತಾರೆ ಎಂದುಕೊಂಡೆ. “ಆಟೋ ತರ್ಸು” ಎಂದಷ್ಟೇ ನನಗೆ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಹಿಡಿದು, “ಬಿದ್ದದ್ದು ಅಂತ ಬರೀಲಾ?” ಎಂದರು. ಅವರೂ ಆ ಊರಿನಲ್ಲೇ ಬದುಕಬೇಕಿತ್ತು.

“ನಾನು ಹೇಳಿದ್ದೂ ಬರೀಬ್ಯಾಡ್ರಿ, ಅವರು ಹೇಳಿದ್ದೂ ಬರೀಬ್ಯಾಡ್ರಿ. ನಿಮ್ಮ ಕಣ್ಣಿಗೆ ಕಂಡಿದ್ದು ಬರೀರಿ,” ಎಂದರು ಅಧ್ಯಕ್ಷೆ. ಡಾಕ್ಟರು ಕಂಡದ್ದನ್ನೇ ಬರೆದರು.

ಕಾಣೆಯಾದ ಸರ ಆ ಮನೆಯಲ್ಲೇ ಸಿಕ್ಕಿತಂತೆ ಎಂಬ ಮಾತು ಕೆಲವು ದಿನಗಳಲ್ಲಿ ಊರಲ್ಲಿ ಹರಡಿತು. ನಾನು ಖುಷಿಯಿಂದ ಓಡಿಹೋಗಿ ಅವರಿಗೆ ಹೇಳಿದೆ. ಅವರು ನನ್ನನ್ನು ಒಂಥರಾ ನೋಡಿ, “ಸಿಗದೇ ಇದ್ದಿದ್ರೆ? ಅವನೇ ಕದ್ದಿದ್ರೆ? ಹಂಗೆ ಹೊಡೀಬಹುದಿತ್ತೇನೇ?” ಎಂದರು. ಊರಿನವರೆಲ್ಲ ಅವನು ಕದ್ದಿಲ್ಲ ಎಂಬುದನ್ನೇ ದೊಡ್ಡದು ಮಾಡುತ್ತಿದ್ದರು. ಅಧ್ಯಕ್ಷೆಯ ಸಿಟ್ಟು ಬೇರೆಯದರ ಮೇಲಿತ್ತು.

ಗುತ್ಯಪ್ಪ ಪೊಲೀಸ್ ಮೇಲಧಿಕಾರಿಗಳಿಗೆ ದೂರು ಕೊಟ್ಟ. ಅಧ್ಯಕ್ಷೆಯ ಮೇಲೆ ಸರ್ಕಾರಿ ಕರ್ತವ್ಯಕ್ಕೆ ಅಡ್ಡಿಪಡಿಸಿದ ಕೇಸು ದಾಖಲಾಯಿತು. ಅಲ್ಲಿಂದ ಪುರಸಭೆಗೂ ಠಾಣೆಗೂ ಮಾತು ನಿಂತಿತು. ನೀರಿನ ಪೈಪಿಗೆಂದು ರಸ್ತೆ ಅಗೆದರೆ, ಅನುಮತಿ ಎಲ್ಲಿ ಎಂದು ಪೊಲೀಸರು ಕೆಲಸ ನಿಲ್ಲಿಸುವರು. ಹಂದಿ ಹಿಡಿಸುವಾಗ ಗಲಾಟೆಯಾದರೆ ಬಂದೋಬಸ್ತಿಗೆ ಯಾರೂ ಬರುತ್ತಿರಲಿಲ್ಲ. ಯಜಮಾನರ ಅಂಗಡಿಯ ಮುಂದೆ ಒಂದು ಜೀಪು ನಿಲ್ಲತೊಡಗಿತು. ಯಾರೂ ಇಳಿಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನಿಂತಿರುವುದು. ರೈತರು ಜೀಪು ನೋಡಿ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಯಜಮಾನರು ಒಂದು ದಿನ ಹೋಗಿ ಕಿಟಕಿಯಲ್ಲಿ ಬಗ್ಗಿ, “ಏನಾರ ಬೇಕಾಗಿತ್ತೇನ್ರಿ?” ಎಂದು ಕೇಳಿದರಂತೆ. ಉತ್ತರ ಬರಲಿಲ್ಲ. ವಾಪಸು ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಮನೆಯಲ್ಲಿ ಈ ವಿಷಯ ಎತ್ತಲೇ ಇಲ್ಲ. ಹೆಂಡತಿಗೆ ತಿಳಿದದ್ದು ನನ್ನಿಂದ.

ಅಂದೇ ಇರಬೇಕು ಅಧ್ಯಕ್ಷೆ ತಾಳ್ಮೆ ಕಳೆದುಕೊಂಡದ್ದು. ಸದಸ್ಯರೊಬ್ಬರು ಮೊದಲಿನಿಂದಲೂ ಹೇಳುತ್ತಿದ್ದರು: “ಪೊಲೀಸ್ ಕ್ವಾರ್ಟರ್ಸ್ ನೀರು ನಿಲ್ಲಿಸ್ರಿ ಅಕ್ಕ. ವಾಲ್ವ್ ನಮ್ಮ ಕೈಯಾಗೈತಿ.” ಅಷ್ಟು ದಿನ ಆಗದು ಎಂದಿದ್ದವರು ಅಂದು ಸುಮ್ಮನಿದ್ದರು. ಸುಮ್ಮನಿದ್ದದ್ದೇ ಒಪ್ಪಿಗೆ ಎಂದು ವಾಲ್ವ್ ಮುಚ್ಚಿದರು. ಬೇಸಿಗೆ. ಕ್ವಾರ್ಟರ್ಸಿನ ನಲ್ಲಿಗಳು ಒಣಗಿದವು.

ಅದರ ಬೆನ್ನಿಗೇ ಒಂದು ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಖಾಲಿ ಕೊಡ. ಗುತ್ಯಪ್ಪನನ್ನು ಕೈ ಹಿಡಿದು ಹೊರಗೆ ಕರೆತಂದ ಪೇದೆಯ ಹೆಂಡತಿ.

“ಅಕ್ಕಾರೆ, ನಿಮ್ಮ ನಲ್ಲೀಲಿ ಒಂದು ಕೊಡ ಹಿಡ್ಕೊಳ್ಳಾ? ಮಗೀಗೆ ಹೊಟ್ಟೆ ಸರಿಯಿಲ್ಲ, ಬಟ್ಟೆ ಒಗೆಯಾಕೂ ನೀರಿಲ್ಲ,” ಎಂದಳು. ಜಗಳಕ್ಕೆ ಬಂದವಳಲ್ಲ. ವಾಲ್ವ್ ಮುಚ್ಚಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಅಧ್ಯಕ್ಷೆ ಕೊಡ ಇಸಿದುಕೊಂಡು ತಾವೇ ತುಂಬಿದರು. ತುಂಬಿದ ಕೊಡವನ್ನು ತಾವೇ ಸೊಂಟಕ್ಕೇರಿಸಿಕೊಂಡು ಅವಳ ಜೊತೆ ಕ್ವಾರ್ಟರ್ಸ್‌ವರೆಗೂ ಹೋದರು. ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಅಲ್ಲಿಂದ ನೇರ ನೀರಿನ ಟ್ಯಾಂಕಿನ ಹತ್ತಿರ ಹೋಗಿ, ನಿಂತು ವಾಲ್ವ್ ತೆಗೆಸಿದರು. ಮುಂದಿನ ಸಭೆಯಲ್ಲಿ ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳಿದರು: “ಕ್ವಾರ್ಟರ್ಸ್ ನೀರು ನಿಂತಿದ್ದು ನನ್ನಿಂದ. ಅದು ತಪ್ಪು. ಅಲ್ಲಿ ನೀರು ಕುಡಿಯೋ ಹೆಂಗಸ್ರು, ಮಕ್ಕಳ ಸಂಗಡ ನಮ್ಮ ಜಗಳ ಇಲ್ಲ.” ಅವರ ಕಡೆಯ ಸದಸ್ಯರೇ ಬೇಸರಪಟ್ಟರು. ಸೋತ ಹಾಗಾಯಿತಲ್ಲ ಎಂದು ಒಬ್ಬರು ಗೊಣಗಿದರು.

ಆ ಹೊತ್ತಿಗೆ ಸದಸ್ಯರು ಒಬ್ಬೊಬ್ಬರೇ ಸಡಿಲವಾಗುತ್ತಿದ್ದರು. ಯಾರದೋ ಹಳೆಯ ಹೊಡೆದಾಟದ ಕೇಸು, ಯಾರದೋ ಮಗನ ಬೈಕು ಅಪಘಾತ, ಯಾರದೋ ಭಾವನ ಇಸ್ಪೀಟು. ಎಲ್ಲಕ್ಕೂ ಠಾಣೆಯಿಂದ ಕರೆ ಬರತೊಡಗಿತು. ಹೋಗಿ ಬಂದವರು ಅಧ್ಯಕ್ಷೆಯನ್ನು ಕಂಡರೆ ದಾರಿ ಬದಲಿಸುವರು. ಅವರಿಗೆ ಬೈಯಲು ಹೊರಟ ನನ್ನನ್ನು ಅಧ್ಯಕ್ಷೆಯೇ ತಡೆದರು. “ಅವರಿಗೂ ಮನೆಮಠ ಐತೆ. ಹೆದ್ರಿಕೆ ಆಗ್ದೇ ಇರತ್ತಾ?”

ಕೊನೆಗೆ ಮುಖಂಡರು ರಾಜಿಗೆ ಕರೆದರು. ಪ್ರವಾಸಿ ಮಂದಿರದ ಹಾಲಿನಲ್ಲಿ ಮಧ್ಯಾಹ್ನ ಸಭೆ. ಡಿವೈಎಸ್‌ಪಿ ಸಾಹೇಬರು, ಪಕ್ಷದ ಹಿರಿಯರೊಬ್ಬರು, ಸಬ್ ಇನ್ಸ್‌ಪೆಕ್ಟರು, ಅಧ್ಯಕ್ಷೆ. ಗುತ್ಯಪ್ಪನನ್ನೂ ಬರಹೇಳಿದ್ದರು. ಅವನ ಇಲಾಖೆಯವಳೆಂದು ನಾನೂ ಹೋಗಿದ್ದೆ. ಗುತ್ಯಪ್ಪ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ.

ಡಿವೈಎಸ್‌ಪಿ ನಯವಾಗಿ ಮಾತಾಡಿದರು. “ಅವರು ದೂರು ವಾಪಸ್ ತಗೊಳ್ಳಲಿ. ನಿಮ್ಮ ಮೇಲಿನ ಕೇಸನ್ನ ನಾವು ಮುಗಿಸ್ತೀವಿ. ಊರು ನೆಮ್ಮದಿಯಾಗಿರುತ್ತೆ. ಏನಂತೀರಿ ಮೇಡಂ?”

“ಹೊಡೆಸ್ಕೊಂಡೋನು ಅವನು ಸಾರ್. ನಾನೇನು ಅನ್ನಲಿ? ಅವನಿಗೊಂದು ಕುರ್ಚಿ ಹಾಕಿಸ್ರಿ, ಆಮೇಲೆ ಅವನನ್ನೇ ಕೇಳ್ರಿ.”

ಕುರ್ಚಿ ಬಂತು. ಗುತ್ಯಪ್ಪ ಕೂರಲು ಹಿಂಜರಿದ, ಆಮೇಲೆ ಅಂಚಿನಲ್ಲಿ ಕೂತ. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ಹೇಳಿದ.

“ನಂಗೆ ಕೇಸ್ ಬ್ಯಾಡ ಸಾಹೇಬ್ರೇ. ಕೋರ್ಟು ಕಚೇರಿ ತಿರುಗಾಕೆ ನಮ್ಮ ಕೈಲಿ ಆಗಂಗಿಲ್ಲ. ಆದ್ರೆ ನಮ್ಮ ಓಣಿಯಾಗ, ನಮ್ಮ ಹುಡ್ರ ಮುಂದೆ ನನ್ನ ಕಳ್ಳ ಅಂತ ಎಳ್ಕಂಡ್ ಹೋದ್ರು. ಅದೇ ಓಣಿಗೆ ಬಂದು, ಇವ ಕಳ್ಳ ಅಲ್ಲ, ನಾವು ಹೊಡೆದಿದ್ದು ತಪ್ಪು ಅಂತ ಸಾಹೇಬ್ರು ಒಂದು ಮಾತು ಹೇಳಿ ಹೋಗ್ಲಿ. ಅಷ್ಟೇಯ.”

ಸಬ್ ಇನ್ಸ್‌ಪೆಕ್ಟರು ಎದ್ದು ನಿಂತೇಬಿಟ್ಟರು. “ಸಾರಿ ಸರ್. ಯೂನಿಫಾರ್ಮ್ ಹಾಕ್ಕೊಂಡು ನಾನು ಆ ಕೆಲಸ ಮಾಡಲ್ಲ. ನಾಳೆಯಿಂದ ಈ ಊರಲ್ಲಿ ಯಾರು ನಮ್ಮ ಮಾತು ಕೇಳ್ತಾರೆ?”

ಹಿರಿಯರು ಅಧ್ಯಕ್ಷೆಯ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು. “ಇಲ್ಲಿಗೇ ಬಿಟ್ಬಿಡವ್ವಾ. ಇಲ್ಲಾಂದ್ರೆ ನಿನ್ನ ಕುರ್ಚಿ ಉಳಿಸಾಕೆ ನನ್ನ ಕೈಯಾಗ ಆಗಂಗಿಲ್ಲ.”

ಅವರು ಗುತ್ಯಪ್ಪನ ಕಡೆ ನೋಡಿದರು. “ಎಂತ ಮಾಡಣ? ಬಿಡಣಾ?” ಎಂದು ಕೇಳಿದರು. ಗುತ್ಯಪ್ಪ ತಲೆ ತಗ್ಗಿಸಿಕೊಂಡೇ ಇಲ್ಲ ಎಂಬಂತೆ ಅಲ್ಲಾಡಿಸಿದ. “ಹಂಗಾದ್ರೆ ರಾಜಿ ಇಲ್ಲ ಸಾರ್,” ಎಂದು ಕೈ ಮುಗಿದು ಎದ್ದರು. ಹೊರಗೆ ಬಂದ ಮೇಲೆ ಅವರಿಗೆ ನೀರು ಕೊಟ್ಟೆ. ಬಾಟಲಿಯ ಮುಚ್ಚಳ ತೆಗೆಯಲು ಅವರಿಗೆ ಆಗಲಿಲ್ಲ, ನಾನೇ ತೆಗೆದುಕೊಟ್ಟೆ.

ಅವಿಶ್ವಾಸದ ಸಭೆ ಬಂತು. ಪುರಸಭೆಯ ಸುತ್ತ ಹಿಂದೆಂದೂ ಇಲ್ಲದಷ್ಟು ಪೊಲೀಸರಿದ್ದರು. ಸದಸ್ಯರು ಒಂದೇ ಬಸ್ಸಿನಲ್ಲಿ, ಯಾವುದೋ ರೆಸಾರ್ಟಿನಿಂದ, ಒಟ್ಟಿಗೆ ಬಂದಿಳಿದರು. ಇವರು ನಡೆದುಕೊಂಡು ಬಂದರು. ಅವಿಶ್ವಾಸವನ್ನು ಮತಕ್ಕೆ ಹಾಕಿದರು. ಒಂದೊಂದೇ ಕೈ ಮೇಲೆದ್ದಿತು. ಕೊಡದ ನೀರಿಗೆ ಗೊಣಗಿದವರ ಕೈ, ವಾಲ್ವ್ ಮುಚ್ಚಿ ಎಂದವರ ಕೈ, ಇವರು ಮಗಳ ಮದುವೆಗೆ ಓಡಾಡಿದ ಮನೆಯವರ ಕೈ. ಒಬ್ಬ ಸದಸ್ಯೆ ಕೈ ಎತ್ತಿ ಅಳುತ್ತಿದ್ದಳು. ಇವರು ಅವಳ ಕಡೆ ನೋಡಿ, ಅಳಬೇಡ ಎಂಬಂತೆ ಸನ್ನೆ ಮಾಡಿದರು.

ಹೊರಗೆ ಬರುವಾಗ ಮೆಟ್ಟಿಲ ಕೆಳಗೆ ಸಬ್ ಇನ್ಸ್‌ಪೆಕ್ಟರು ನಿಂತಿದ್ದರು. ಗುಂಪು ಸರಿದು ದಾರಿ ಬಿಟ್ಟಿತು. ಅವರು ಇವರಿಗೆ ಸೆಲ್ಯೂಟ್ ಹೊಡೆಯಲಿಲ್ಲ, ನಗಲೂ ಇಲ್ಲ. ಗೆದ್ದವರ ಮುಖ ಹಾಗಿರುವುದಿಲ್ಲ ಎಂದು ನನಗನ್ನಿಸಿತು.

ಮರುದಿನದಿಂದ ಅವರು ಅಂಗಡಿಯಲ್ಲಿ ಕೂರತೊಡಗಿದರು. ಭತ್ತದ ಬೀಜಕ್ಕೆ ಬಂದವರಿಗೆ ಬೀಜ, ಜೋಳಕ್ಕೆ ಬಂದವರಿಗೆ ಜೋಳ. ಕೇಸಿನ ದಿನ ಶಿಕಾರಿಪುರದ ಕೋರ್ಟಿಗೆ ಬಸ್ಸಿನಲ್ಲಿ ಹೋಗಿ, ಕರೆಯುವವರೆಗೂ ವರಾಂಡದಲ್ಲಿ ಕೂತಿದ್ದು ಬರುವರು. ಜೊತೆಗೆ ಗುತ್ಯಪ್ಪ ಹೋಗುತ್ತಿದ್ದ. ಹೊಸ ಅಧ್ಯಕ್ಷರು ಒಳ್ಳೆಯವರೇ, ಆದರೆ ಬೆಳಿಗ್ಗೆ ವಾರ್ಡು ಸುತ್ತುವವರಲ್ಲ. ನಾನೊಬ್ಬಳೇ ಸುತ್ತುತ್ತಿದ್ದೆ.

ಗುತ್ಯಪ್ಪನ ದೂರಿನ ವಿಚಾರಣೆ ಬೇರೆ ಅಧಿಕಾರಿಗಳಿಂದ ನಡೆಯಿತು. ಠಾಣೆಯವರೆಲ್ಲ ಅವನು ಅಂದು ಒಳಗಿರಲಿಲ್ಲ ಎಂದೇ ಹೇಳುತ್ತಾರೆ, ವಿಷಯ ಮುಗಿಯುತ್ತದೆ ಎಂದು ಊರು ತಿಳಿದಿತ್ತು. ಒಬ್ಬ ಪೇದೆ ಮಾತ್ರ, ಇದ್ದ, ಬಾಗಿಲು ತೆಗೆದು ಹೊರಗೆ ಕರೆತಂದದ್ದು ನಾನೇ ಎಂದು ಹೇಳಿದ. ಅವನು ಯಾಕೆ ಹಾಗೆ ಹೇಳಿದನೋ ನಾನು ಕೇಳಲಿಲ್ಲ. ಕೇಳಿ ಅವನನ್ನು ಇನ್ನಷ್ಟು ಕಷ್ಟಕ್ಕೆ ದೂಡುವುದು ಬೇಡ ಎನಿಸಿತು. ಸಬ್ ಇನ್ಸ್‌ಪೆಕ್ಟರ ವರ್ಗಾವಣೆಯ ಆದೇಶ ಬಂತು. ಅಧ್ಯಕ್ಷೆಯ ಮೇಲಿನ ಕೇಸೂ ಕ್ರಮೇಣ ಬಿದ್ದುಹೋಯಿತು.

ಸಬ್ ಇನ್ಸ್‌ಪೆಕ್ಟರು ಊರು ಬಿಡುವ ದಿನ ಬೆಳಿಗ್ಗೆ ನಾನು ಗುತ್ಯಪ್ಪನ ಓಣಿಯಲ್ಲೇ ಇದ್ದೆ, ಚರಂಡಿಯ ಕೆಲಸ ನೋಡುತ್ತ. ಜೀಪು ಬಂದು ಓಣಿಯ ಬಾಯಲ್ಲಿ ನಿಂತಿತು. ಬಾಗಿಲುಗಳು ಧಡಧಡ ಮುಚ್ಚಿಕೊಂಡವು. ಸಬ್ ಇನ್ಸ್‌ಪೆಕ್ಟರು ಒಬ್ಬರೇ ಇಳಿದರು. ಯೂನಿಫಾರ್ಮ್ ಇತ್ತು, ಟೋಪಿ ಕೈಯಲ್ಲಿತ್ತು. ಗುತ್ಯಪ್ಪನ ಮನೆಯ ಮುಂದೆ ನಿಂತರು. ಗುತ್ಯಪ್ಪ ಹೊರಗೆ ಬಂದ. ಅವನ ಹಿಂದೆ ಮಕ್ಕಳು. ಸಬ್ ಇನ್ಸ್‌ಪೆಕ್ಟರು ಏನೋ ಹೇಳಿದರು, ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ಒಳಗಿನಿಂದ ರೇಣುಕಾ ಬಂದಳು. ಹೊಸ್ತಿಲ ಮೇಲೆ ನಿಂತು, “ಕೇಳಿಸ್ಲಿಲ್ಲ ಸ್ವಾಮಿ. ಅವತ್ತು ಕಳ್ಳ ಅಂದಿದ್ದು ಓಣಿಗೆಲ್ಲ ಕೇಳಿಸಿತ್ತು. ಇದನ್ನೂ ಹಂಗೇ ಹೇಳ್ರಿ,” ಎಂದಳು.

ಸಿಟ್ಟು ಬಂದು ತಿರುಗಿ ಹೋಗುತ್ತಾರೆ ಎಂದುಕೊಂಡೆ. ಅವರು ತಲೆ ಎತ್ತಿ, ಗಟ್ಟಿಯಾಗಿ ಹೇಳಿದರು: “ಗುತ್ಯಪ್ಪ ಕಳ್ಳ ಅಲ್ಲ. ನಾನು ಹೊಡೆದಿದ್ದು ತಪ್ಪು.” ಮೇಲಿನವರು ಹೇಳಿ ಕಳಿಸಿದ್ದರೋ, ಸ್ವಂತ ಮನಸ್ಸಿನಿಂದ ಬಂದಿದ್ದರೋ ತಿಳಿಯದು. ಟೋಪಿ ಹಾಕಿಕೊಂಡು ಜೀಪು ಹತ್ತಿದರು. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು.

ನಾನು ಅಲ್ಲಿಂದ ನೇರ ಅಧ್ಯಕ್ಷೆಯ ಅಂಗಡಿಗೆ ಹೋದೆ. ಅವರು ಒಬ್ಬ ರೈತನಿಗೆ ಬೀಜದ ಪ್ಯಾಕೆಟ್ ತೋರಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಕೈಯಲ್ಲಿದ್ದ ಪ್ಯಾಕೆಟ್ ಹಾಗೇ ಹಿಡಿದು ಕೇಳಿದರು.

“ಮಕ್ಕಳು ಎಲ್ಲಿದ್ರು?”

“ಅಲ್ಲೇ ಇದ್ರು ಅಕ್ಕ. ಗುತ್ಯಪ್ಪನ ಹಿಂದೇನೇ.”

“ಕೇಳಿಸ್ಕೊಂಡ್ರಾ?”

“ಕೇಳಿಸ್ಕೊಂಡ್ರು.”

ಕುರ್ಚಿ ಹೋದ ದಿನ ಅಳದಿದ್ದವರು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಂಗಡಿಯ ನಡುವೆ ನಿಂತು ಅಳತೊಡಗಿದರು. ರೈತ ಗಾಬರಿಯಾದ. ಯಜಮಾನರ ಹತ್ತಿರ ಸರಿದು, “ಏನಾತ್ರಿ? ಯಾರಾರ ತೀರ್ಕಂಡ್ರಾ?” ಎಂದು ಪಿಸುಗುಟ್ಟಿದ.

ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಳ್ಳುತ್ತ ಹೇಳಿದರು.

“ಇಲ್ಲಪ್ಪ. ನಮ್ಮನೆಯಾಕಿ ಗೆದ್ದಾಳ.”

“ಈಗ ಯಾವ ಎಲೆಕ್ಷನ್ ಇತ್ರಿ?” ಎಂದ ಆ ರೈತ.